ತಲೆಗೆ ಏಳು ಕೆಜಿ

ವನಗೂರಿನ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ದಯಾನಂದ ಅವರ ಮನೆಯಲ್ಲಿ ಪ್ರಯಾಣದ ಮಾತೆದ್ದರೆ ಸಾಕು, ಕಾಫಿ ತೂಗುವ ತಕ್ಕಡಿ ಸ್ಟೋರ್‌ನಿಂದ ಜಗಲಿಗೆ ಬರುತ್ತದೆ. ಈ ಸಲವಂತೂ ಮಂಗಳೂರಿನಿಂದ ವಿಮಾನ, ಹೈದರಾಬಾದಿನಲ್ಲಿ ಮೂರು ದಿನ ಥೀಮ್ ಪಾರ್ಕು. "ವಿಮಾನದೊಳಗೆ ಒಯ್ಯೋ ಕೈಚೀಲ ಮಾತ್ರ, ತಲೆಗೆ ಏಳೇ ಕೆಜಿ. ಜಾಸ್ತಿ ಆಗಿದ್ದು ಇಲ್ಲೇ ಇಟ್ಬುಡಿ" ಎನ್ನುತ್ತ ಅವರು ಹದಿನೈದು ದಿನ ಮೊದಲೇ ತೂಗಲು ಕೂತರು. ಹೆಂಡತಿ ಸುಮನಾ ಇಟ್ಟ ನಾಲ್ಕು ಟವೆಲ್‌ಗಳಲ್ಲಿ ಮೂರು ಹೊರಗೆ ಬಂದವು. ತಾಯಿ ಜಗದಾಂಬ ಸೆರಗಿನಡಿ ತಂದು ತುರುಕಿದ ಚಟ್ನಿಪುಡಿ ಡಬ್ಬಿಯೂ ಸಿಕ್ಕಿಬಿತ್ತು. "ಅಲ್ಲೂ ಊಟ ಸಿಗ್ತೈತೆ ಕಣವ್ವಾ" ಎಂದರೆ, "ಸಿಗ್ತೈತೆ, ರುಚಿ ಇರ್ತೈತಾ?" ಎಂದು ಜಗದಾಂಬ ಮುನಿಸಿಕೊಂಡರು. ಮನೆಮಂದಿಗೆಲ್ಲ ಒಂದೇ ಟೂತ್‌ಪೇಸ್ಟು, ಒಂದೇ ಬಾಚಣಿಗೆ. ಶೂಗಳ ಹೊಟ್ಟೆಯೊಳಗೆ ಸಾಕ್ಸು. "ಅಪ್ಪಾ, ಉಗುರು ಕತ್ತರಿಸ್ಕೊಂಡು ಬರ್ಲಾ, ತೂಕ ಇಳೀತೈತೆ" ಎಂದು ಮಗಳು ಕೃತಿಕಾ ರೇಗಿಸಿದರೂ ಅವರು ನಗಲಿಲ್ಲ. ಹೊರಡುವ ಹಿಂದಿನ ದಿನ, ಅಪ್ಪನದ್ದೂ ತೂಗಬೇಕೆಂದು ಹಟ ಹಿಡಿದು ಅವಳೇ ಅವರ ಚೀಲ ಬಿಚ್ಚಿದಳು. ಎರಡು ಅಂಗಿಗಳ ಕೆಳಗೆ, ಇನ್ನೂ ಚೀಟಿ ಕೀಳದ ನೀಲಿ ಬಣ್ಣದ ಹೊಸ ಈಜುಚಡ್ಡಿ ಇತ್ತು. ಐವತ್ತು ದಾಟಿದ ದಯಾನಂದ ನಾಚಿ ತಲೆ ಕೆರೆದುಕೊಂಡರು. "ನೀರಿನ ಜಾರುಬಂಡೆ ಐತಂತಲ್ಲ ಮಗಾ. ಇಸ್ಕೂಲಿನ ಟೂರಿಂದ ಹಿಡಿದು ಇವತ್ತಿನವರೆಗೂ, ಹೋದ ಕಡೆಯೆಲ್ಲ ಎಲ್ರ ಬ್ಯಾಗು ಕಾಯ್ತಾ ನಾನು ದಡದಲ್ಲೇ ಕೂತಿದ್ದೀನಿ. ಸಾಮಾನು ಕಮ್ಮಿ ಆದ್ರೆ ಕಾಯೋಕೆ ಯಾರೂ ಬೇಕಾಗಲ್ಲ. ಈ ಸಲ ನಾನೂ ನಿನ್ ಜೊತೆ ಜಾರ್ತೀನಿ." ಕೃತಿಕಾ ಆ ಚಡ್ಡಿಯನ್ನು ಮೆಲ್ಲಗೆ ಮಡಿಸಿ, ಬೇಗ ಕೈಗೆ ಸಿಗಲೆಂದು ಎಲ್ಲಕ್ಕಿಂತ ಮೇಲೆ ಇಟ್ಟಳು.