ಸುಳ್ಳು ದೂರು ಕೊಟ್ಟವನ ಹೆಂಡತಿ

ಹೋದ ವಾರ ಬರೋಡಾ ಸ್ಟೇಷನ್ನಿನಲ್ಲಿ ಒಬ್ಬ ಹೆಂಗಸು ನನ್ನನ್ನು ನೋಡಿದವಳೇ ಸೆರಗು ಮುಂದೆಳೆದುಕೊಂಡು ಕಂಬದ ಮರೆಗೆ ಸರಿದಳು. ನಡಿಗೆಯಿಂದಲೇ ಗುರುತು ಸಿಕ್ಕಿತು. ಸುಶೀಲಾ!

ಅಹಮದಾಬಾದಿನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಾಲ್ಕು ವರ್ಷ ನಮ್ಮ ಪಕ್ಕದ ಮನೆಯವಳು. ನನ್ನ ಹಾಗೆಯೇ ಧಾರವಾಡದವಳು. ಬೆಳಗಿನಿಂದ ಸಂಜೆಯವರೆಗೆ 'ಕೇಮ್ ಛೋ' ಅನ್ನುವ ಊರಿನಲ್ಲಿ, ನಮ್ಮ ಕಡೆಯ ಕನ್ನಡದಲ್ಲಿ ಜಗಳವಾಡಲಿಕ್ಕಾದರೂ ಒಬ್ಬರು ಬೇಕಲ್ಲವೇ? (ನನ್ನ ಮಗಳು ಹಟ ಮಾಡುವುದೇ ಗುಜರಾತಿಯಲ್ಲಿ.)

ಅವಳ ಗಂಡ ಶ್ರೀಪತಿ ಮತ್ತು ನಮ್ಮವರು ಒಂದೇ ಲ್ಯಾಬಿನಲ್ಲಿದ್ದರು. ಪ್ರಮೋಷನ್ ನಮ್ಮವರಿಗೆ ಸಿಕ್ಕಿತು. ತಿಂಗಳೊಳಗೆ ಲ್ಯಾಬಿನ ಒಂದು ದುಬಾರಿ ಲೆನ್ಸ್ ಕಾಣೆಯಾಯಿತು. ನಮ್ಮವರು ಅದನ್ನು ಮಂಗಳವಾರ ಟಿಫಿನ್ ಚೀಲದಲ್ಲಿ ಒಯ್ದದ್ದನ್ನು ಕಣ್ಣಾರೆ ಕಂಡೆ ಎಂದು ಶ್ರೀಪತಿ ಪೊಲೀಸರಿಗೆ ಬರೆದುಕೊಟ್ಟ.

ಪೊಲೀಸರು ಬಂದು ದೇವರ ಪೆಟ್ಟಿಗೆಯನ್ನೂ ಬಿಡದೆ ಜಾಲಾಡಿದರು. ಇಡೀ ಕ್ವಾರ್ಟರ್ಸ್ ನಿಂತು ನೋಡಿತು. ಆ ಹೊತ್ತಿನಲ್ಲಿ, ಅಳುತ್ತಿದ್ದ ನನ್ನ ಮಗಳನ್ನು ಎತ್ತಿಕೊಂಡು ಸಮಾಧಾನ ಮಾಡಿದವಳು ಸುಶೀಲಾ. ದೂರು ಯಾರದೆಂದು ಅವಳಿಗೂ ಗೊತ್ತಿರಲಿಲ್ಲ.

ಕೇಸು ಕೋರ್ಟಿಗೆ ಹೋಯಿತು. ಆ ಮಂಗಳವಾರ ನಮ್ಮವರು ಆಫೀಸಿನ ಕೆಲಸದ ಮೇಲೆ ಮುಂಬಯಿಯಲ್ಲಿದ್ದರು. ಅಲ್ಲಿನ ರಿಜಿಸ್ಟರಿನಲ್ಲಿ ಸಹಿ ಇತ್ತು. ಲ್ಯಾಬಿನಲ್ಲಿ ಮತ್ತೆ ಹುಡುಕಿದಾಗ ಲೆನ್ಸ್ ಶ್ರೀಪತಿಯ ಬೀರುವಿನಲ್ಲೇ ಸಿಕ್ಕಿತು. ನಮ್ಮವರ ಬಿಡುಗಡೆಯಾಯಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಸುಳ್ಳೆಂದು ತಿಳಿದೂ ಒಬ್ಬರ ಮೇಲೆ ಅಪರಾಧ ಹೊರಿಸುವುದು ಪೀನಲ್ ಕೋಡಿನ ಪ್ರಕಾರ ತಾನೇ ಒಂದು ಅಪರಾಧ. ಮ್ಯಾಜಿಸ್ಟ್ರೇಟರೇ ಶ್ರೀಪತಿಯ ಮೇಲೆ ಕೇಸು ಹೂಡಿಸಿದರು. ಆರು ತಿಂಗಳು ಜೈಲಾಯಿತು. ನೌಕರಿ ಹೋಯಿತು. ಮನೆಯೂ ಹೋಯಿತು.

ಮನೆ ಖಾಲಿ ಮಾಡುವ ದಿನ ಸುಶೀಲಾ ನಮ್ಮ ಬಾಗಿಲು ತಟ್ಟಿದಳು. ನಾನು ಒಳಗೇ ಇದ್ದೆ. ತೆಗೆಯಲಿಲ್ಲ.

ಅವಳ ಮನೆಗೆ ಈಗ ಒಳ್ಳೆಯ ಗುಜರಾತಿ ಕುಟುಂಬ ಬಂದಿದೆ. ಆದರೆ ಗೋಡೆಯಾಚೆಯಿಂದ ಜೋಳದ ರೊಟ್ಟಿ ಬಡಿಯುವ ಸದ್ದು ಬರುವುದಿಲ್ಲ. ಎರಡು ವರ್ಷವಾಯಿತು, ಕಿವಿ ಇನ್ನೂ ಅತ್ತಲೇ ಇರುತ್ತದೆ. ಗೆದ್ದವರಿಗೂ ಹೀಗಾಗುತ್ತದೆಯೇ?

ಬರೋಡಾದಲ್ಲಿ ನಾನೇ ಕಂಬದ ಹತ್ತಿರ ಹೋದೆ. ಈಗ ಸೂರತ್ತಿನಲ್ಲಿದ್ದಾರಂತೆ. ಶ್ರೀಪತಿಗೆ ಜರಿ ಕಾರ್ಖಾನೆಯಲ್ಲಿ ಕೆಲಸ. ಮನೆಯಲ್ಲಿ ಮಾತೇ ಕಡಿಮೆಯಂತೆ. ಅವಳು ಬ್ಲೌಸ್ ಹೊಲಿಯುತ್ತಾಳೆ. ಆ ದಿನ ಬಾಗಿಲು ತೆಗೆಯದಿದ್ದುದರ ಬಗ್ಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವಳ ಗಾಡಿ ಬಂತು.

ಹತ್ತಿ ಕುಳಿತು ಕಿಟಕಿಯಿಂದ ಅಂದಳು: "ಇವ್ರು ತಪ್ಪು ಮಾಡಿದ್ರು, ಶಿಕ್ಷಾ ಆತು. ಅದು ನ್ಯಾಯನ ಐತಿ ವೈನಿ. ಆದ್ರ ನನಗ ಬಾಗಿಲಾ ತಗೀಬ್ಯಾಡ ಅಂತ ನಿಮಗ ಯಾವ ಕೋರ್ಟ್ ಹೇಳಿತ್ತು?"

ಗಾಡಿ ಹೊರಟಿತು. ವಿಳಾಸ ಕೇಳುವುದೂ ಮರೆತುಹೋಯಿತು.

ಸೂರತ್ತಿನ ಓದುಗರೇ, ನಿಮ್ಮ ಓಣಿಯಲ್ಲಿ ಧಾರವಾಡದ ಸುಶೀಲಾ ಎಂಬುವಳು ಇದ್ದಾಳೆಯೇ?