ಜೇಬಿನಲ್ಲಿದ್ದ ಫ್ಯೂಸು

ನಿಂಗಣ್ಣ ನಮ್ಮ ಮನೆಗೆ ಕೆಲಸಕ್ಕೆ ಬಂದರೆ ಮೊದಲು ಮೀಟರಿನ ಪಕ್ಕದ ಬಿಳಿ ಪಿಂಗಾಣಿ ಫ್ಯೂಸನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅದು ಎದೆಯ ಮೇಲೆ ಗಡ್ಡೆಯ ಹಾಗೆ ಉಬ್ಬಿಕೊಂಡಿರುತ್ತಿತ್ತು. ಅಮ್ಮನ ಮಿಕ್ಸಿ ನಿಂತರೂ ಅಪ್ಪನ ವಾರ್ತೆ ತಪ್ಪಿದರೂ ಕೆಲಸ ಮುಗಿಯುವ ತನಕ ವಾಪಸ್ ಕೊಡುತ್ತಿರಲಿಲ್ಲ. ಕೇಳಿದರೆ, "ನನ್ ಜೀವ ನನ್ ಜೇಬಲ್ಲೇ ಇರ್ಲಿ ಬುಡಕ್ಕ" ಅನ್ನುತ್ತಿದ್ದ.

ಕೊಪ್ಪದ ಸುತ್ತಮುತ್ತ ವೈರಿಂಗ್ ಮಾಡುವವರು ಬೇಕಾದಷ್ಟು ಜನ ಇದ್ದರು. ನಮ್ಮ ಮನೆಗೆ ಮಾತ್ರ ನಿಂಗಣ್ಣನೇ ಆಗಬೇಕಿತ್ತು. ಬೆಳಗ್ಗೆ ಬರುತ್ತೇನೆ ಎಂದವನು ಮಧ್ಯಾಹ್ನ ಬರುತ್ತಿದ್ದ. ಬಂದವನೇ ಹಿಂದಿನ ಸಲ ಕೆಲಸ ಮಾಡಿದವನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ, ಅದು ತಾನೇ ಆಗಿದ್ದರೂ. ಒಮ್ಮೆ ನಮ್ಮ ಫ್ಯೂಸನ್ನು ಜೇಬಿನಲ್ಲಿಟ್ಟುಕೊಂಡೇ ಮದ್ದೂರಿನ ಬಸ್ಸು ಹತ್ತಿಬಿಟ್ಟ. ಅಪ್ಪ ಬೈಕಿನಲ್ಲಿ ಅಟ್ಟಿಸಿಕೊಂಡು ಹೋಗಿ, ಬಸ್ಸು ಅಡ್ಡಗಟ್ಟಿ ಇಸಿದುಕೊಂಡು ಬಂದರು. ಬಹಳ ದಿನ ಅದನ್ನೇ ಹೇಳಿ ನಕ್ಕೆವು.

ಅಪ್ಪ ಹಳೆಯ ಕಾರೊಂದನ್ನು ಕೊಂಡು, ಅಂಗಳದ ಆಚೆ, ಹುಲ್ಲಿನ ಮೆದೆ ಇದ್ದ ಜಾಗದಲ್ಲಿ ಅದಕ್ಕೊಂದು ಶೆಡ್ಡು ಕಟ್ಟಿಸಿದರು. ಶೆಡ್ಡಿನ ಬೆನ್ನಿಗೇ ಕಬ್ಬಿನ ಗದ್ದೆ. ಹಾವಿನ ಭಯಕ್ಕೆ ಅಲ್ಲೊಂದು ದೀಪ ಬೇಕಾಗಿತ್ತು. ಬಟ್ಟೆ ಒಣಗಿಸುವ ತಂತಿಗೇ ವೈರು ಸುತ್ತಿ ಎಳೆದುಬಿಡು, ಎಲ್ಲರ ಮನೆಯಲ್ಲೂ ಹಾಗೇ ಇದೆ ಎಂದರು ಅಪ್ಪ. ವೈರು ಸವೆದರೆ ತಂತಿಗೇ ಕರೆಂಟು ಬರುತ್ತದೆಂದು ನಿಂಗಣ್ಣ ಒಪ್ಪಲಿಲ್ಲ.

"ಬಟ್ಟೆ ಒಣಗಾಕಕ್ಕೆ ಓದೋರ್ನ ಒತ್ಕಂಡು ಬರ್ಬೇಕಾಯ್ತದೆ, ಗೌಡ್ರೆ."

ಅಂಗಳ ಅಗೆದು ಪೈಪು ಹೂತು, ಅದರೊಳಗೆ ವೈರು ಎಳೆದ. ಪಡಸಾಲೆಯ ಬಾಗಿಲಲ್ಲೊಂದು ಸ್ವಿಚ್ಚು, ಶೆಡ್ಡಿನ ಕಂಬದಲ್ಲೊಂದು. ಇಲ್ಲಿ ಹಚ್ಚಿ ಅಲ್ಲಿ ಆರಿಸಬಹುದು, ಅಲ್ಲಿ ಹಚ್ಚಿ ಇಲ್ಲಿ ಆರಿಸಬಹುದು. ನನಗೂ ತಂಗಿಗೂ ಅದೇ ಆಟವಾಯಿತು. ನಿಂಗಣ್ಣ ನನ್ನ ಕೈ ಹಿಡಿದು ನಿಲ್ಲಿಸಿದ.

"ಗುಂಡಿ ಮೇಲದೆ, ಆಫಾಗ್ಯದೆ ಅಂತ ನಂಬ್ಬೇಡ ಕಣವ್ವ. ಆ ಕಡೆಯೋರು ಏನ್ ಮಾಡವ್ರೆ ಅಂತ ಈ ಕಡೆಯೋರ್ಗೆ ಗೊತ್ತಾಗಕಿಲ್ಲ."

ಅವತ್ತು ಮುದ್ದೆ ಉಣ್ಣುತ್ತಾ ತನ್ನ ತಮ್ಮನ ವಿಷಯ ಹೇಳಿದ. ಮಳವಳ್ಳಿ ಕಡೆಯ ಒಂದು ಮನೆಯಲ್ಲಿ ಇಬ್ಬರೂ ಇಂಥದೇ ಕೆಲಸ ಮಾಡುತ್ತಿದ್ದರಂತೆ. ಕಿತ್ತ ಫ್ಯೂಸನ್ನು ನಿಂಗಣ್ಣ ಮೀಟರಿನ ಮೇಲೇ ಇಟ್ಟಿದ್ದ. ಬಂದಿದ್ದ ನೆಂಟರೊಬ್ಬರು, ಕಳಚಿಕೊಂಡಿದೆಯೆಂದು ತಿಳಿದು, ಮತ್ತೆ ಹಾಕಿದರು. ತಮ್ಮ ಆ ಕಡೆ ಇದ್ದ. "ನಾನ್ ಈ ಕಡೆ ಇದ್ದೆ" ಎಂದಷ್ಟೇ ಹೇಳಿ, ಇನ್ನೊಂದಿಷ್ಟು ಸಾರು ಕೇಳಿದ. ಅಮ್ಮನ ಕೈಯಲ್ಲಿ ಸೌಟು ಹಾಗೇ ನಿಂತಿತ್ತು. ಆಮೇಲೆ ಎಷ್ಟೋ ದಿನ ನಾನು ಆ ಸ್ವಿಚ್ಚನ್ನು ಮುಟ್ಟಲಿಲ್ಲ.

ಈಚೆಗೆ ಮನೆ ರಿಪೇರಿ ಮಾಡಿಸಿದಾಗ ಫ್ಯೂಸು ಹೋಗಿ ಗುಂಡಿಯಿರುವ ಎಂಸಿಬಿ ಬಂತು. ಕೂರಿಸಿದವನೂ ಅವನೇ. ಕೂರಿಸಿ, ಬೆರಳಲ್ಲಿ ಮೇಲೆ ಕೆಳಗೆ ಮಾಡಿ, "ಕಿತ್ಕಂಡ್ ಓಗಕ್ಕೆ ಇದ್ರಲ್ಲಿ ಏನೂ ಇಲ್ವಲ್ಲಕ್ಕ" ಎಂದ. ಅವನ ಮುಖ ಸಣ್ಣದಾಗಿತ್ತು. ನಮ್ಮ ಕಡೆ ಕರೆಂಟು ಬರುವುದೇ ಪಾಳಿಯ ಮೇಲೆ. ಇದ್ದಷ್ಟು ಹೊತ್ತಿನಲ್ಲಿ ಮೋಟಾರು ಹಾಕಿ ನೀರು ತುಂಬಿಸಿಕೊಳ್ಳಬೇಕು. ಹಾಗಾಗಿ ಗುಂಡಿ ಕೆಳಗೆ ಬಿದ್ದಿದ್ದು ಕಂಡರೆ ಯಾರೂ ಯಾರನ್ನೂ ಕೇಳುವುದಿಲ್ಲ, ಓಡಿ ಹೋಗಿ ಮೇಲೆತ್ತುತ್ತಾರೆ. ನಿಂಗಣ್ಣ ಅಡುಗೆಮನೆಯ ಸ್ಟೂಲು ತಂದು ಬೋರ್ಡಿನ ಕೆಳಗಿಟ್ಟು, ಅಮ್ಮನನ್ನು ಅದರ ಮೇಲೆ ಕಾವಲು ಕೂರಿಸಿ ಶೆಡ್ಡಿಗೆ ಹೋದ. ಸಂಜೆ ಹೊರಡುವಾಗ ಹಳೆಯ ಫ್ಯೂಸನ್ನು ತನಗೆ ಕೊಡಿ ಎಂದು ಕೇಳಿ ಪಡೆದ. ಅಂದಿನಿಂದ ಯಾರ ಮನೆಯಲ್ಲಿ ಕೆಲಸವಿದ್ದರೂ ಅದು ಅವನ ಜೇಬಿನಲ್ಲಿರುತ್ತಿತ್ತು. ಅದರಿಂದ ಯಾವ ಕರೆಂಟೂ ನಿಲ್ಲುವುದಿಲ್ಲವೆಂದು ಅವನಿಗೆ ಗೊತ್ತಿರಲಿಲ್ಲವೇ? ಆದರೂ ಇಟ್ಟುಕೊಳ್ಳುತ್ತಿದ್ದ. ನನಗೆ ಅದನ್ನು ನೋಡಿದರೆ ಯಾಕೋ ಹೆದರಿಕೆಯಾಗುತ್ತಿತ್ತು.

ಕೊನೆಯ ಸಲ ಬಂದಾಗ ಸೋಮನಹಳ್ಳಿಯಲ್ಲೊಂದು ಕೆಲಸ ಒಪ್ಪಿಕೊಂಡಿದ್ದ. ನಮ್ಮದರಂತೆಯೇ ಮನೆಗೂ ಶೆಡ್ಡಿಗೂ ನಡುವೆ ಒಂದು ದೀಪ, ಎರಡು ಸ್ವಿಚ್ಚು. ನಾಮಕರಣದ ಮನೆ, ಅಷ್ಟರೊಳಗೆ ಆಗಬೇಕಂತೆ. ಕಾಫಿ ಲೋಟ ಕೆಳಗಿಟ್ಟು ಅಮ್ಮನನ್ನು ಕೇಳಿದ.

"ಮನೆ ತುಂಬ ನೆಂಟ್ರು ಕಣಕ್ಕ. ಬೋರ್ಡ್ ಕಾಯಕ್ಕೆ ಯಾರ್ನ ಕೂರ್ಸ್ಲಿ?"

ನೆಂಟರು ಹೋದ ಮೇಲೆ ಮಾಡು ಎಂದಳು ಅಮ್ಮ. ಮಾತು ಕೊಟ್ಟಾಗಿದೆ ಎಂದು ಎದ್ದು ಹೊರಟ.

ಆ ಮನೆಯಲ್ಲೂ ಅವನು ಮೇನ್ ಸ್ವಿಚ್ಚು ಕೆಳಗೆ ಮಾಡಿದ್ದ, ಯಾರೂ ಮುಟ್ಟಬೇಡಿ ಎಂದು ಎಲ್ಲರಿಗೂ ಹೇಳಿದ್ದ. ಆಮೇಲೆ ಬಸ್ಸಿಳಿದು ಬಂದ ನೆಂಟರೊಬ್ಬರು ಸ್ನಾನಕ್ಕೆ ಹೋದರು. ನಲ್ಲಿಯಲ್ಲಿ ನೀರಿರಲಿಲ್ಲ. ಮೋಟಾರು ಹಾಕೋಣವೆಂದು ಬಂದವರು ಗುಂಡಿ ಕೆಳಗಿದ್ದುದನ್ನು ಕಂಡು ಮೇಲೆತ್ತಿದರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ನಿಂಗಣ್ಣ ಆ ಕಡೆ ಇದ್ದ.

ಮಣ್ಣಾದ ಮೇಲೆ ಮನೆಯವರನ್ನು ಮಾತಾಡಿಸಲು ಹೋದಾಗ ಅವನ ಹೆಂಡತಿ ಗೋಡೆಯ ಗೂಡಿನಿಂದ ಫ್ಯೂಸು ತೆಗೆದು ನನ್ನ ಕೈಗಿಟ್ಟಳು. "ಅಂಗಿ ಜೇಬಲ್ಲಿತ್ತು. ನಿಮ್ಮನೇದಂತಲ್ಲವ್ವ?" ಎಂದಳು. ನನಗೆ ಅಲ್ಲೇ ಅಳು ಬಂತು.

ಮೊನ್ನೆ ಶೆಡ್ಡಿನ ದೀಪ ಕೆಟ್ಟು, ಬೇರೆಯವರೊಬ್ಬರು ಬಂದಿದ್ದರು. ಎಂಸಿಬಿ ಕೆಳಗೆ ಮಾಡಿ ಅಂಗಳ ದಾಟಿ ಹೋದರು. ಯಾರೂ ಹೇಳದೆಯೇ ಅಮ್ಮ ಸ್ಟೂಲು ಎಳೆದುಕೊಂಡು, ಆ ಫ್ಯೂಸನ್ನು ಮಡಿಲಲ್ಲಿಟ್ಟುಕೊಂಡು ಬೋರ್ಡಿನ ಕೆಳಗೆ ಕೂತಳು. ಮುಗಿಯಿತು, ಕರೆಂಟು ಹಾಕಿ ಎಂದು ಅವರು ಅಲ್ಲಿಂದ ಎಷ್ಟು ಕೂಗಿದರೂ ಏಳಲಿಲ್ಲ. ನಾನು ಶೆಡ್ಡಿನವರೆಗೆ ಹೋಗಿ, ಅವರ ಕೈ ವೈರಿನ ಮೇಲಿಲ್ಲವೆಂದು ಕಣ್ಣಾರೆ ನೋಡಿ ಬಂದು ಹೇಳಿದ ಮೇಲೆ ಎದ್ದಳು.