ನಾಲ್ಕು ಸಲ ಕೆರೆದ ಹಸಿರು

ನಾಲ್ಕನೆಯ ಸಲವೂ ನಮ್ಮ ಮನೆಯವರು "ಇದಲ್ಲ" ಅಂದಾಗ ಕುಂಚವನ್ನು ಅಂಗಳಕ್ಕೆ ಎಸೆಯಬೇಕು ಅನ್ನಿಸಿತ್ತು. ಎಸೆಯಲಿಲ್ಲ. ಮದುವೆಯಾಗಿ ಆರೇ ವರ್ಷ, ಮೇಲಾಗಿ ಅತ್ತೆ ಒಳಗೇ ಕೂತಿದ್ದರು.

ನಮ್ಮ ಮನೆಯವರು ಜಮಖಂಡಿಯ ಸಾಲೆಯಲ್ಲಿ ಮಾಸ್ತರರು. ಊರಿಗೆ ರೈಲು ಇರಲಿಲ್ಲ. ರೈಲು ನೋಡಬೇಕೆಂದರೆ ಕುಡಚಿಗೇ ಹೋಗಬೇಕು. ಆದರೂ ನಮ್ಮ ಪಡಸಾಲೆಯ ಗೂಡುಗಳ ತುಂಬ ಪುಟ್ಟ ಪುಟ್ಟ ಎಂಜಿನ್‌ಗಳು. ಹೆಚ್ಚಿನವು ನಮ್ಮೂರ ತಗಡಿನ ಕೆಲಸದವನು ಡಬ್ಬಿ ಕತ್ತರಿಸಿ ಮಾಡಿಕೊಟ್ಟವು. ಒಂದನ್ನು ಮಾತ್ರ ಮುಂಬಯಿಯಿಂದ ತರಿಸಿದ್ದರು. ಅದರ ಹೊಟ್ಟೆಗೆ ನೀರು ಹಾಕಿ ಕೆಳಗೆ ದೀಪ ಹಚ್ಚಿದರೆ ಉಗಿ ಬಿಡುತ್ತ ಖರೆಖರೆ ಓಡುತ್ತಿತ್ತು. ಹರೆಯದಲ್ಲಿ ಇವರು ಎಂಜಿನ್ ಡ್ರೈವರ್ ಆಗಲು ಹುಬ್ಬಳ್ಳಿಗೆ ಹೋಗಿದ್ದರಂತೆ, ತಾಯಿ ಬೇಡ ಅಂದದ್ದಕ್ಕೆ ಬಿಟ್ಟು ಬಂದರಂತೆ. ಎಲ್ಲರ ಮುಂದೆ ಹಾಗೇ ಹೇಳುತ್ತಿದ್ದರು.

ಎಂಜಿನ್‌ಗಳಿಗೆ ಬಣ್ಣ ಹಚ್ಚುವುದು ನನ್ನ ಪಾಲಿನ ಕೆಲಸ. ರಬಕವಿಯಲ್ಲಿ ನೇಕಾರರ ನೂಲಿಗೆ ಬಣ್ಣ ಹಾಕುವ ಮನೆ ನನ್ನ ತವರು. ಒಮ್ಮೆ ನೋಡಿದ ಬಣ್ಣವನ್ನು ನಾನು ಮರೆಯುವವಳಲ್ಲ. ಆದರೆ ಎಂಜಿನ್ನನ್ನೇ ನೋಡಿರಲಿಲ್ಲ. ಮುಂಬಯಿಯದಕ್ಕೆ ಕುಡಚಿಯಲ್ಲಿ ತಾವು ಕಂಡ ಎಂಜಿನ್ನಿನ ಬಣ್ಣವೇ ಬರಬೇಕೆಂದು ಇವರ ಹಟ.

"ಹಸರು. ದಟ್ಟ ಹಸರು" ಅಂದರು. ಹಚ್ಚಿದೆ.

"ಇದಲ್ಲ. ಇನ್ನಷ್ಟು ಕಪ್ಪಾಗಬೇಕು."

ಕೆರೆದು ಮತ್ತೆ ಹಚ್ಚಿದೆ. ಅದೂ ಅಲ್ಲ. ಹೀಗೇ ನಾಲ್ಕು ಸಲ. ಬಣ್ಣದವರ ಮನೆಯ ಮಗಳಿಗೆ ಒಂದು ಹಸಿರು ಕಲಸಲು ಬರುವುದಿಲ್ಲವೆಂದರೆ ಹೇಗೆ! ರೊಟ್ಟಿ ಬಡಿಯುವಾಗಲೂ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಮನೆಗೆ ಬಂದವರಿಗೆ ಇವರು ಎಂಜಿನ್ ಎತ್ತೆತ್ತಿ ತೋರಿಸುತ್ತಿದ್ದರು. ನಾನು ಅಡಿಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಮಾತು ಕೇಳಿಸುತ್ತಿರಲಿಲ್ಲ. ಬಂದವರು ಒಬ್ಬರ ಮುಖ ಒಬ್ಬರು ನೋಡಿ ಮುಸಿಮುಸಿ ನಗುವುದು ಮಾತ್ರ ಕಾಣುತ್ತಿತ್ತು. ಹೆಂಗಸು ಬಳಿದದ್ದೆಂದು ನಗುತ್ತಾರೆ ಅಂದುಕೊಂಡು ಮೈಯೆಲ್ಲ ಉರಿಯುತ್ತಿತ್ತು. ಹೊಸ ಸೀರೆ ಉಟ್ಟರೂ ಅದರ ಬಣ್ಣದ ಬಗ್ಗೆ ಇವರು ಒಂದು ಮಾತು ಆಡಿದವರಲ್ಲ. ಅದೂ ಒಂದು ಸಿಟ್ಟು.

"ನಾ ಒಮ್ಮೆ ಕಣ್ಣಾರೆ ನೋಡಬೇಕ್ರಿ. ಕುಡಚಿಗೆ ಕರಕೊಂಡ ಹೋಗ್ರಿ" ಅಂದೆ. ಏನೇನೋ ನೆವ ಹೇಳಿದರು. ನಾನು ಬಿಡಲಿಲ್ಲ.

ಒಂದು ಭಾನುವಾರ ಮೋಟಾರು ಹತ್ತಿದೆವು. ದಾರಿಯಲ್ಲಿ ರಬಕವಿಯಲ್ಲಿ ಇಳಿದು ಅಪ್ಪನ ಹತ್ತಿರ ಬಣ್ಣದ ನೂಲಿನ ಸಣ್ಣ ಸಣ್ಣ ಲಡಿಗಳ ಒಂದು ಗೊಂಚಲು ಇಸಿದುಕೊಂಡೆ. ಯಾರಾದರೂ ಸೀರೆಯ ತುಂಡು ತಂದು "ಇಂಥಾದ್ದೇ ಬೇಕು" ಅಂದರೆ ನಮ್ಮಪ್ಪ ಲಡಿಗಳನ್ನು ಪಕ್ಕಕ್ಕೆ ಹಿಡಿದು ಹೊಂದಿಸುತ್ತಿದ್ದ. ನಾನೂ ಹಾಗೇ ಎಂಜಿನ್ನಿಗೆ ಹಿಡಿಯುವ ವಿಚಾರ ಮಾಡಿದ್ದೆ. ಗೊಂಚಲು ಕಂಡದ್ದೇ ಇವರ ಮುಖ ಬಿಗಿಯಿತು.

"ಅದನ್ಯಾಕ ತಂದಿ? ಚೀಲದಾಗ ಇಡು."

ರೈಲು ಬಂತು. ನೆಲ ನಡುಗಿತು. ಎಂಜಿನ್ನು ನಾವು ನಿಂತಲ್ಲಿಗೇ ಬಂದು ನಿಂತಿತು. ನೋಡುತ್ತೇನೆ, ಎಲ್ಲಿಯ ಹಸಿರು! ಒಣಗಿದ ಬ್ಯಾಡಗಿ ಮೆಣಸಿನಕಾಯಿಯಂಥ ಕರಿಗೆಂಪು.

"ಇದ ನೋಡು! ಎಂಥಾ ಹಸರು!" ಅಂದರು ಇವರು. ಕಣ್ಣಲ್ಲಿ ಅಷ್ಟು ಖುಷಿ ನಾನು ಎಂದೂ ಕಂಡಿರಲಿಲ್ಲ.

ಚೇಷ್ಟೆ ಮಾಡುತ್ತಾರೆಂದು ನಕ್ಕೆ. ಗೊಂಚಲು ತೆಗೆದು ಕೈಗೆ ತುರುಕಿದೆ. "ಹಂಗಾದ್ರ ಇದಕ್ಕ ಹೊಂದೂದು ಆರಸ್ರಿ ನೋಡೋಣು. ಲಗೂ, ಗಾಡಿ ಬಿಡತೈತಿ."

ಇವರು ಎರಡು ಲಡಿ ಎಳೆದರು, ಒಂದು ಕೆಂಪು, ಒಂದು ಹಸಿರು. ಎರಡನ್ನೂ ಜೋಡಿಸಿ ಹಿಡಿದು ನನ್ನ ಮುಖ ನೋಡಿದರು. ನನ್ನ ನಗು ನಿಂತಿತು. ಅದನ್ನು ಕಂಡು, ಆರಿಸಿದ್ದು ತಪ್ಪೆಂದು ಇವರಿಗೆ ತಿಳಿಯಿತು. ರೈಲು ಹೊರಟುಹೋದ ಮೇಲೆ ಬಾಯಿ ಬಿಟ್ಟರು.

"ಹುಬ್ಬಳ್ಯಾಗೂ ರೈಲ್ವೆ ಡಾಕ್ಟರು ಹಿಂಗ ಲಡಿ ರಾಶಿ ಹಾಕಿ, ಹೊಂದೂವು ಆರಸು ಅಂದಿದ್ದ. ಆರಿಸಿದೆ. ನಿನಗ ಕೆಂಪು ಹಸರು ಗುರ್ತ ಹತ್ತೂದಿಲ್ಲ, ಮನಿಗೆ ಹೋಗು ಅಂದ. ಅವ್ವ ಏನೂ ಬ್ಯಾಡ ಅಂದಿರಲಿಲ್ಲ."

ಮೋಟಾರಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತುಬಿಟ್ಟೆ. ಬಂದವರು ನಕ್ಕದ್ದು ನನ್ನ ಬಣ್ಣಕ್ಕಲ್ಲ, ಇವರು ಬಣ್ಣದ ಹೆಸರು ತಪ್ಪು ಹೇಳುವುದಕ್ಕೆ. ಅದು ಇವರಿಗೆ ಗೊತ್ತಿತ್ತೋ ಇಲ್ಲವೋ.

ಐದನೆಯ ಸಲ ಕರಿಗೆಂಪು ಹಚ್ಚಿದೆ. ಇವರು ಬಹಳ ಹೊತ್ತು ತಿರುಗಿಸಿ ನೋಡಿ, "ಈಗ ಬಂತು" ಅಂದರು.

ಮುಂದಿನ ವಾರ ಸಾಲೆಯ ಮಾಸ್ತರರು ನಾಲ್ಕು ಮಂದಿ ಬಂದರು. ಇವರು ಮುಂಬಯಿ ಎಂಜಿನ್ ಎತ್ತಿದರು, ಬಾಯಿ ತೆರೆದರು, ಅಡಿಗೆಮನೆಯ ಬಾಗಿಲ ಕಡೆ ತಿರುಗಿದರು. ಬಾಗಿಲ ಹಿಂದೆ ನಾನು ಸೆರಗು ಹಿಂಡುತ್ತ ನಿಂತಿದ್ದೆ.

"ಏ, ಹೊರಗ ಬಾ. ಇದರ ಬಣ್ಣ ನೀನ ಹೇಳು."

ಅತ್ತೆ ಒಳಗಿನಿಂದ ನೋಡುತ್ತಿದ್ದರು. ಗಂಡಸರ ನಡುವೆ ನಾನು ಎಂದೂ ಹೋಗಿ ನಿಂತವಳಲ್ಲ. ಸೆರಗು ಹೊದ್ದು ಹೊರಗೆ ಬಂದೆ.

"ಕರಿಗೆಂಪು ರೀ."

"ಕರಿಗೆಂಪು" ಅಂದರು ಇವರು, ತಮ್ಮ ಸಾಲೆಯ ಹುಡುಗರು ಪಾಠ ಒಪ್ಪಿಸುವ ಹಾಗೆ. ಅದನ್ನು ಕೆಳಗಿಟ್ಟು, ಇನ್ನೊಂದನ್ನು ಎತ್ತಿ ನನ್ನ ಕಡೆ ಹಿಡಿದರು.